ಬಿಡದಿಯ ಇನ್ನೋವಾ, ಜೇಬಿನ ನಕ್ಷೆ

1999ರ ಡಿಸೆಂಬರಿನಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ವಾಲಿಸ್ ತಯಾರಿಕೆ ಶುರುವಾದಾಗ ಅದರ ಡ್ಯಾಶ್‌ಬೋರ್ಡಿನಲ್ಲಿ ಪರದೆ ಎಂಬುದೇ ಇರಲಿಲ್ಲ. ಟೇಪಿನಲ್ಲಿ ರಾಜಕುಮಾರ್ ಹಾಡು. ದಾರಿ ತಪ್ಪಿದರೆ ಗಾಜು ಇಳಿಸಿ ಟೀ ಅಂಗಡಿಯವರನ್ನು ಕೇಳುವುದು. ಮಾಗಡಿಯಿಂದ ಕನಕಪುರದವರೆಗೆ ಮದುವೆ ಮನೆಯವರನ್ನು ಹೊತ್ತ ಗಾಡಿಗಳೆಲ್ಲ ಹೀಗೇ ಊರು ಸೇರುತ್ತಿದ್ದವು. 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಇನ್ನೋವಾ ಬಂತು. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ದುಬಾರಿ ಮಾದರಿಯಲ್ಲಿ 7 ಇಂಚಿನ ಟಚ್ ಸ್ಕ್ರೀನ್ ಇತ್ತು, ಅದರೊಳಗೇ ನಕ್ಷೆಯೂ ಇತ್ತು.

ಅಷ್ಟರಲ್ಲಿ ಹೊರಗೆ ಬೇರೊಂದು ಏರ್ಪಾಡು ಬೇರು ಬಿಟ್ಟಿತ್ತು. 2014ರ ಮಾರ್ಚಿನಲ್ಲಿ ಆಪಲ್ ಕಾರ್‌ಪ್ಲೇ, ಜೂನ್‌ನಲ್ಲಿ ಗೂಗಲಿನ ಆಂಡ್ರಾಯ್ಡ್ ಆಟೊ ಪ್ರಕಟವಾದವು. ಇವುಗಳಲ್ಲಿ ನಕ್ಷೆ ಬಿಡಿಸುವುದು, ಹಾಡು ಹುಡುಕುವುದು ಎಲ್ಲ ಫೋನಿನ ಕೆಲಸ. ಕಾರಿನ ಪರದೆ ಆ ಚಿತ್ರವನ್ನು ತೋರಿಸುತ್ತದೆ, ಬೆರಳು ಮುಟ್ಟಿದ್ದನ್ನು ಫೋನಿಗೆ ತಿಳಿಸುತ್ತದೆ. ಮಾರುತಿ 2015ರ ಬಲೆನೊದಲ್ಲೇ ಕಾರ್‌ಪ್ಲೇ ಕೊಟ್ಟಿತು. ಟೊಯೋಟಾ ಮಾತ್ರ ಒಪ್ಪಲಿಲ್ಲ. ಚಾಲಕನ ಕಣ್ಣ ಮುಂದಿನ ಜಾಗವನ್ನು ಫೋನ್ ಕಂಪನಿಗಳಿಗೆ ಬಿಟ್ಟುಕೊಡಲು ಅದಕ್ಕೆ ಮನಸ್ಸಿರಲಿಲ್ಲ. 2017ರ ಜನವರಿಯಲ್ಲಿ ಫೋರ್ಡ್ ಜತೆ ಸೇರಿ, ಫೋನಿನ ಆ್ಯಪ್‌ಗಳನ್ನು ಕಾರಿಗೆ ಜೋಡಿಸುವ ಸ್ಮಾರ್ಟ್‌ಡಿವೈಸ್‌ಲಿಂಕ್ ಎಂಬ ತನ್ನದೇ ದಾರಿ ಹುಡುಕಿತು. ಮರುವರ್ಷ ಅಮೆರಿಕದ ಅವಲಾನ್‌ಗೆ ಕಾರ್‌ಪ್ಲೇ ಕೊಡುವುದಾಗಿ ಹೇಳಿತು. ನಮ್ಮಲ್ಲಿ 2019ರ ಗ್ಲಾನ್ಜಾಕ್ಕೆ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಎರಡೂ ಬಂದವು, ಆದರೆ ಅದು ಮೂಲದಲ್ಲಿ ಬಲೆನೊ! ಬಿಡದಿಯ ಕ್ರಿಸ್ಟಾ 2020ರ ನವೆಂಬರಿನವರೆಗೆ ಕಾಯಬೇಕಾಯಿತು.

ಹಳದಿ ಬೋರ್ಡಿನ ಚಾಲಕರು ಅಲ್ಲಿಯವರೆಗೆ ಕಾಯುತ್ತ ಕೂರಲಿಲ್ಲ. ಲಕ್ಷಗಟ್ಟಲೆ ಕೊಟ್ಟು ಕೊಂಡ ಗಾಡಿಯಲ್ಲಿ ಕಂಪನಿಯ ಸೆಟ್ಟನ್ನು ಹಾಡಿಗೆ ಬಿಟ್ಟು, ಗಾಜಿಗೊಂದು ಹೋಲ್ಡರ್ ಅಂಟಿಸಿ ಫೋನ್ ಸಿಕ್ಕಿಸಿದರು. ಕೆಲವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿಕೊಂಡರು. 2018ರ ಮಾರ್ಚಿನಲ್ಲಿ ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳತೊಡಗಿತು. ಕನ್ನಡದಲ್ಲೇ ಬದುಕುವ ಚಾಲಕನಿಗೆ ಎಡ–ಬಲಗಳನ್ನು ಅವನ ನುಡಿಯಲ್ಲೇ ಹೇಳುವ ಫೋನಿನ ಮುಂದೆ ಪರದೆಯ ಹೊಳಪು ಯಾವ ಲೆಕ್ಕ?

ನಿಜವಾದ ಪರೀಕ್ಷೆ ಬಂದದ್ದು ರಸ್ತೆಯೇ ಬದಲಾದಾಗ. 2023ರ ಮಾರ್ಚ್ 12ರಂದು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳೆಲ್ಲ ಬೈಪಾಸಿನ ಪಕ್ಕಕ್ಕೆ ಸರಿದವು. ಚನ್ನಪಟ್ಟಣಕ್ಕೆ ಹೊರಟವರು ಸರಿಯಾದ ಕಡೆ ಸರ್ವಿಸ್ ರಸ್ತೆಗೆ ಇಳಿಯದಿದ್ದರೆ ಬೊಂಬೆ ಅಂಗಡಿಗಳನ್ನು ಹಿಂದೆ ಬಿಟ್ಟು ಮದ್ದೂರಿನ ಕಡೆ ನುಗ್ಗಿಬಿಡುತ್ತಾರೆ. 2016ರ ಕ್ರಿಸ್ಟಾದೊಳಗಿನ ನಕ್ಷೆಗೆ, ಹೊಸದನ್ನು ತುಂಬಿಸದ ಹೊರತು, ಈ ರಸ್ತೆ ಹುಟ್ಟಿಯೇ ಇಲ್ಲ. ಕಾರ್ಖಾನೆ ಇರುವ ಊರಿನ ಹೆದ್ದಾರಿಯೇ ಆ ಕಾರಿಗೆ ಗೊತ್ತಿಲ್ಲ.

ದಾರಿ ತೋರುವ ಕೆಲಸ ಫೋನಿನದೇ ಆಗಿರಬೇಕು ಎಂದು ನಾನು ಹೇಳುವುದು ಇದಕ್ಕೇ. ಇನ್ನೋವಾ 15 ವರ್ಷ ದುಡಿಯುತ್ತದೆ. ಅಷ್ಟರಲ್ಲಿ ಅದರ ಮಾಲೀಕ ಮೂರು ನಾಲ್ಕು ಫೋನ್ ಬದಲಿಸಿರುತ್ತಾನೆ. ಫೋನ್ ಬದಲಾದಂತೆ ನಕ್ಷೆಯೂ ಹೊಸದಾಗುತ್ತದೆ. ಆದರೆ ಏಸಿ, ಹಿಂಬದಿ ಕ್ಯಾಮೆರಾಗಳು ಫೋನಿನ ಹಂಗಿಲ್ಲದೆ ನಡೆಯಬೇಕು. ಏಸಿಗೆ ಕಣ್ಣು ರಸ್ತೆಯಿಂದ ಕದಲದಂತೆ ತಿರುಗಿಸುವ ಗುಂಡಿಯೇ ಇರಲಿ.

ಫೋನಿಗೂ ಮಿತಿಯಿದೆ. ಕನಕಪುರದಿಂದ ಸಂಗಮ, ಮೇಕೆದಾಟಿನ ಕಡೆ ಕಾಡು ದಟ್ಟವಾದಂತೆ ಸಿಗ್ನಲ್ ಕೈಕೊಡುತ್ತದೆ. ಉಪಗ್ರಹದಿಂದ ಬರುವ ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ, ಆದ್ದರಿಂದ ನಾವಿರುವ ಜಾಗದ ಚುಕ್ಕೆ ಪರದೆಯಲ್ಲಿ ಉಳಿಯುತ್ತದೆ. ಸುತ್ತಲಿನ ನಕ್ಷೆ ಮಾತ್ರ ಬರುವುದಿಲ್ಲ. ಮನೆಯಲ್ಲೇ ಆ ಭಾಗದ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಈಗ ಗಾಳಿ ಮತ್ತೆ ತಿರುಗುತ್ತಿದೆ. ಮುಂದಿನ ವಿದ್ಯುತ್ ಕಾರುಗಳಿಂದ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಎರಡನ್ನೂ ತೆಗೆಯುವುದಾಗಿ ಅಮೆರಿಕದ ಜನರಲ್ ಮೋಟಾರ್ಸ್ 2023ರಲ್ಲಿ ಪ್ರಕಟಿಸಿತು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಎಲ್ಲಿ ಚಾರ್ಜ್ ಮಾಡಬೇಕು ಎಂಬುದನ್ನು ಕಾರಿನೊಳಗಿನ ನಕ್ಷೆಯೇ ಚೆನ್ನಾಗಿ ಬಲ್ಲದು ಎಂಬ ಅದರ ವಾದದಲ್ಲಿ ಹುರುಳಿದೆ. ಹಾಗಿದ್ದರೆ ಆ ಲೆಕ್ಕವನ್ನು ಫೋನಿಗೂ ಒದಗಿಸಲಿ. ಒಳಗಿನ ನಕ್ಷೆಗೆ ಚಂದಾ ಕಟ್ಟುವುದು ನಿಂತ ದಿನ ದಾರಿ ತೋರುವುದೂ ನಿಲ್ಲುವ ಕಾರನ್ನು ರಾಮನಗರದ ಟ್ಯಾಕ್ಸಿ ಮಾಲೀಕನಿಗೆ ಮಾರಬಾರದು.