ತಲೆಲೆಕ್ಕದ ನೆರವು

ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ನಾರ್ತ್ ಹಿಲ್ ಎಂಬ ಬಡಾವಣೆಯಿದೆ. ಒಂದು ಕಾಲಕ್ಕೆ ಇಟಲಿಯಿಂದ ಬಂದವರ ಕೇರಿ. ಈಗ ಅಲ್ಲಿ ನೇಪಾಳಿ ದಿನಸಿ ಅಂಗಡಿಗಳು, ಮೊಮೊ ಹೋಟೆಲುಗಳು. 1990ರ ಆಸುಪಾಸಿನಲ್ಲಿ ಭೂತಾನ್ ಹೊರದಬ್ಬಿದ ನೇಪಾಳಿ ಭಾಷಿಕರು ಪೂರ್ವ ನೇಪಾಳದ ಶಿಬಿರಗಳ ಬಿದಿರು ಗುಡಿಸಲುಗಳಲ್ಲಿ ಹೆಚ್ಚೂಕಡಿಮೆ ಎರಡು ದಶಕ ಕಳೆದು, 2008ರಿಂದ ಅಮೆರಿಕಕ್ಕೆ ಬರತೊಡಗಿದರು. ಜನ ಕರಗುತ್ತಿದ್ದ ಟೈರ್ ಕಾರ್ಖಾನೆಗಳ ಈ ಊರಿಗೆ ಬಾಡಿಗೆದಾರರು, ಗಿರಾಕಿಗಳು, ಶಾಲೆಗೆ ಮಕ್ಕಳು ಸಿಕ್ಕರು.

ಇಂಥವರನ್ನು ವಿಮಾನ ನಿಲ್ದಾಣದಲ್ಲಿ ಎದುರುಗೊಳ್ಳುವವರು ಸರ್ಕಾರಿ ಅಧಿಕಾರಿಗಳಲ್ಲ, ಚರ್ಚ್ ಮತ್ತು ಸೇವಾಸಂಸ್ಥೆಗಳ ಸ್ಥಳೀಯ ಕಚೇರಿಯವರು. ಮನೆ ಹುಡುಕುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಅಜ್ಜಿಯ ನೋವನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳುವುದು ಎಲ್ಲ ಅವರದೇ. ಮೊದಲ ಹಂತದ ಗಡುವು 90 ದಿನ. ಬೈಲಕುಪ್ಪೆಗೆ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಭೂಮಿಯನ್ನೇ ಕೊಟ್ಟಿತ್ತು. ಅಮೆರಿಕದಲ್ಲಿ ವಿಮಾನದ ಟಿಕೆಟ್ಟೂ ಸಾಲವೇ, ಕಂತಿನಲ್ಲಿ ತೀರಿಸಬೇಕು.

ತೊಡಕಿರುವುದು ಹಣ ಬರುವ ದಾರಿಯಲ್ಲಿ. ಈ ಸ್ವಾಗತದ ಅನುದಾನ ತಲೆಲೆಕ್ಕದ್ದು: ಎಷ್ಟು ಮಂದಿ ಬಂದಿಳಿದರೋ ಅಷ್ಟು. ಬರುವವರು ನಿಂತರೆ ಹಣವೂ ನಿಂತಿತು. ಹೋದ ವರ್ಷ ಬಂದವರ ತಾಪತ್ರಯ ಮಾತ್ರ ನಿಲ್ಲುವುದಿಲ್ಲ.

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ನಿರಾಶ್ರಿತರ ಪ್ರವೇಶವನ್ನು ತಡೆಹಿಡಿದರು. ನಾಲ್ಕೇ ದಿನಕ್ಕೆ ಸಂಸ್ಥೆಗಳ ಕೈಗೆ ಕೆಲಸ ನಿಲ್ಲಿಸುವ ಆದೇಶ ಬಂತು. 90 ದಿನ ತುಂಬದ ಕುಟುಂಬಗಳ ಬಾಡಿಗೆಯೂ ಅದರಲ್ಲಿ ಸಿಕ್ಕಿಕೊಂಡಿತು. ಏಪ್ರಿಲ್‌ನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಒಕ್ಕೂಟ ನಿರಾಶ್ರಿತರ ಸೇವೆಗಾಗಿ ಸರ್ಕಾರದೊಂದಿಗಿದ್ದ ಒಪ್ಪಂದ ನವೀಕರಿಸುವುದಿಲ್ಲ ಎಂದಿತು. ಮೇ ತಿಂಗಳಲ್ಲಿ ನಿರಾಶ್ರಿತರ ವಿಶೇಷ ನಗದು ನೆರವು 12 ತಿಂಗಳಿಂದ 4ಕ್ಕೆ ಇಳಿಯಿತು. ಜುಲೈನ ಕಾನೂನು, ಗ್ರೀನ್ ಕಾರ್ಡ್ ಸಿಗುವವರೆಗೆ ಅವರಿಗೆ ಸರ್ಕಾರಿ ಆಹಾರ ನೆರವಿಲ್ಲ ಎಂದಿತು. ಬೇರೆ ಬೇರೆ ಕಡೆಯ ತೀರ್ಮಾನಗಳು. ಬಂದು ಬೀಳುವುದೆಲ್ಲ ಊರಿನ ಆ ಸಣ್ಣ ಕಚೇರಿಯ ಮೇಜಿನ ಮೇಲೆ.

ತೆರಿಗೆ ಹಣ ಉಳಿಯಿತು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಬಿಲ್ಲು ಆಸ್ಪತ್ರೆಯ ತುರ್ತು ವಿಭಾಗಕ್ಕೋ ಶಾಲೆಗೋ ಹೋಗುತ್ತದೆ, ಅಷ್ಟೆ. ಹಣ ನಿಂತಾಗ ಏನಾಗುತ್ತದೆಂಬುದಕ್ಕೆ ಹಿಂದಿನ ಅನುಭವವೇ ಇದೆ. ಟ್ರಂಪ್ ಮೊದಲ ಅವಧಿಯಲ್ಲಿ ಹಲವಾರು ಸ್ಥಳೀಯ ಕಚೇರಿಗಳು ಮುಚ್ಚಿದ್ದವು. 2021ರ ಹಣಕಾಸು ವರ್ಷದಲ್ಲಿ ಇಡೀ ದೇಶಕ್ಕೆ ಬಂದ ನಿರಾಶ್ರಿತರು 11,411. ಅದೇ ವರ್ಷದ ಆಗಸ್ಟ್‌ನಲ್ಲಿ ಕಾಬೂಲ್ ಬಿತ್ತು. 70,000ಕ್ಕೂ ಹೆಚ್ಚು ಅಫ್ಘನ್ನರು ಬಂದರು. ಹಣ ಮಂಜೂರಾಯಿತು, ಕೆಲಸ ಬಲ್ಲ ಕೈಗಳು ಸಾಲಲಿಲ್ಲ. ಎಷ್ಟೋ ಕುಟುಂಬಗಳು ಹೋಟೆಲ್ ಕೋಣೆಗಳಲ್ಲಿ ವಾರಗಟ್ಟಲೆ ಕಾದವು.

ಹಳೆಯ ದಾಖಲೆ ಕೇಳದೆ ಬಾಡಿಗೆಗೆ ಮನೆ ಕೊಡುವ ಮಾಲೀಕ ಯಾರು, ಇಂಗ್ಲಿಷ್ ಬಾರದವರನ್ನು ರಾತ್ರಿ ಪಾಳಿಗೆ ತೆಗೆದುಕೊಳ್ಳುವ ಮೇಲ್ವಿಚಾರಕ ಯಾರು ಎಂಬುದು ಕಡತದಲ್ಲಿರುವುದಿಲ್ಲ, ಈ ಕಚೇರಿಗಳ ಕೇಸ್‌ವರ್ಕರ್‌ಗಳ ತಲೆಯಲ್ಲಿರುತ್ತದೆ. ಅವರಲ್ಲಿ ಅನೇಕರು ಹಿಂದೆ ನಿರಾಶ್ರಿತರಾಗಿ ಬಂದವರೇ. ಅವರನ್ನು ಮನೆಗೆ ಕಳಿಸಿದರೆ ಸೇವೆಯ ಜತೆಗೆ, ನೆಲೆ ಕಂಡಿದ್ದ ಒಂದು ಸಂಸಾರದ ಸಂಬಳವೂ ಹೋಯಿತು.

2024ರ ಹಣಕಾಸು ವರ್ಷದಲ್ಲಿ 1 ಲಕ್ಷ ದಾಟಿದ್ದ ನಿರಾಶ್ರಿತರ ಪ್ರವೇಶಕ್ಕೆ 2026ರ ಹಣಕಾಸು ವರ್ಷಕ್ಕೆ ಹಾಕಿದ ಮಿತಿ 7,500. ಅದರಲ್ಲೂ ಮೊದಲ ಮಣೆ ದಕ್ಷಿಣ ಆಫ್ರಿಕಾದ ಬಿಳಿಯರಿಗೆ. ಅಷ್ಟು ತಲೆಗಳ ಲೆಕ್ಕದಲ್ಲಿ ಸಣ್ಣ ಊರಿನ ಕಚೇರಿಯೊಂದರ ಬಾಡಿಗೆಯೂ ಹುಟ್ಟುವುದು ಕಷ್ಟ.