ಕಬಡ್ಡಿ ಆಡಿದ ಹುಡುಗಿ ಮುಂದೇನಾದಳು?

ಮೊನ್ನೆ ಹೊಳಲ್ಕೆರೆಗೆ ಚಿಕ್ಕಮ್ಮನ ಮಗಳ ಮನೆಗೆ ಹೋಗಿದ್ದೆ. ಕಾಫಿ ಲೋಟ ಕೈಗೆ ಬರುವ ಮೊದಲೇ ದೂರು ಶುರುವಾಯಿತು.

"ಅಕ್ಕಾ, ನೀನಾದ್ರೂ ಇವಳಿಗೆ ಬುದ್ಧಿ ಹೇಳು. ಪಿಯುಸಿ ಓದೋ ಹುಡುಗಿ, ದಿನಾ ಸಂಜೆ ಮೊಣಕಾಲು ತರಚಿಕೊಂಡು ಬರ್ತಾಳೆ. ಈಗ ಚಿತ್ರದುರ್ಗದಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಂತೆ, ಹೋಗ್ಲೇಬೇಕಂತೆ. ಹಿರಿಯೂರು, ಹೊಸದುರ್ಗದ ಹುಡುಗೀರೆಲ್ಲ ಬರ್ತಾರಂತೆ. ಇದೆಲ್ಲ ಇನ್ನೆಷ್ಟು ವರ್ಷ? ಆಮೇಲೆ ಏನು ಮಾಡ್ತಾಳೆ?"

ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮೊಣಕಾಲಿಗೆ ಅರಿಶಿನ ಮೆತ್ತಿತ್ತು. ನಾನು ಏನೂ ಹೇಳದೆ ಕಾಫಿ ಕುಡಿದೆ. ನಿಜ ಹೇಳಬೇಕೆಂದರೆ, "ಆಮೇಲೆ ಏನು?" ಎಂಬ ಪ್ರಶ್ನೆಗೆ ಆಗ ನನ್ನಲ್ಲೂ ಉತ್ತರವಿರಲಿಲ್ಲ. ಊರಿಗೆ ಬಂದ ಮೇಲೆ ಹುಡುಕಿ ಓದಿದ್ದನ್ನು ಅವಳಿಗೂ ನಿಮಗೂ ಒಟ್ಟಿಗೇ ಹೇಳುತ್ತಿದ್ದೇನೆ.

ನಮ್ಮ ಕರ್ನಾಟಕದ ತೇಜಸ್ವಿನಿ ಬಾಯಿ ಅವರ ಹೆಸರು ನೀವು ಕೇಳಿದ್ದೀರೋ ಇಲ್ಲವೋ. ಕ್ರಿಕೆಟ್ ಆಡುವವರ ಹೆಸರು ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಕಬಡ್ಡಿ ಹೆಣ್ಣುಮಕ್ಕಳದು ಹಾಗಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ ಗಂಡಸರ ಕಬಡ್ಡಿ 1990ರಿಂದಲೂ ಇತ್ತು. ಹೆಂಗಸರಿಗೆ ಅಲ್ಲಿ ಅಂಕಣ ಸಿಕ್ಕಿದ್ದು 20 ವರ್ಷ ತಡವಾಗಿ, 2010ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ಆ ಮೊದಲ ಸಲವೇ ಭಾರತಕ್ಕೆ ಚಿನ್ನ ಬಂತು. ಆ ತಂಡದಲ್ಲಿ ತೇಜಸ್ವಿನಿ ಇದ್ದರು. 2011ರಲ್ಲಿ ಅರ್ಜುನ ಪ್ರಶಸ್ತಿ. 2014ರಲ್ಲಿ ಇಂಚಿಯಾನ್‌ನಲ್ಲಿ ಇರಾನ್ ತಂಡವನ್ನು 31-21ರಿಂದ ಸೋಲಿಸಿ ಇನ್ನೊಂದು ಚಿನ್ನ.

ಅವರ ಜೊತೆ ಆಡಿದ ಮಮತಾ ಪೂಜಾರಿಯೂ ನಮ್ಮವರೇ, ಕಾರ್ಕಳ ಕಡೆಯವರು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡಕ್ಕೆ ಮಮತಾ ನಾಯಕಿ. ಆಟದಿಂದಲೇ ಅವರಿಗೆ ದಕ್ಷಿಣ ಮಧ್ಯ ರೈಲ್ವೆಯಲ್ಲಿ ನೌಕರಿ. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೆ ಹೆಂಗಸರಿಗೂ ಮೂರು ತಂಡ ಕಟ್ಟಿ ಪಂದ್ಯ ಆಡಿಸಿದರು ನೋಡಿ, ಹೈದರಾಬಾದಿನ ಫೈನಲ್‌ನಲ್ಲಿ ಎದುರುಬದುರಾದ ನಾಯಕಿಯರು ಇವರಿಬ್ಬರೇ. ತೇಜಸ್ವಿನಿಯ ತಂಡ 24-23ರಿಂದ, ಒಂದೇ ಒಂದು ಅಂಕದಿಂದ ಗೆದ್ದಿತು. ಇಷ್ಟು ಚೆಂದದ ಆಟವನ್ನು ಮರುವರ್ಷ ಮುಂದುವರಿಸಲಿಲ್ಲ. ಗಂಡಸರ ಲೀಗ್ ಮಾತ್ರ ವರ್ಷ ವರ್ಷವೂ ಬೆಳೆಯಿತು. ನನಗಂತೂ ಇದು ಇಂದಿಗೂ ಸರಿ ಕಾಣುವುದಿಲ್ಲ.

ಇಲ್ಲಿಗೆ ಆಟದ ಕಥೆ ಆಯಿತು. ತಂಗಿ ಕೇಳಿದ "ಆಮೇಲೆ" ಶುರುವಾಗುವುದು ಇಲ್ಲಿಂದ.

ಕೋಚ್ ಎಂದರೆ ಸೀಟಿ ಊದಿ ಓಡಿಸುವವರು ಎಂದು ನಾನೂ ತಿಳಿದಿದ್ದೆ. ಆ ಭ್ರಮೆ ಬಿಡಿಸಿದ್ದು 2018ರ ಜಕಾರ್ತದ ಕಥೆ. ಆ ವರ್ಷದ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಇರಾನಿಗೆ 24-27ರಿಂದ ಸೋತರು. ಎರಡು ಸಲ ಬಂದ ಚಿನ್ನ ಕೈ ಬಿಟ್ಟುಹೋಯಿತು. ಆದರೆ ಇರಾನಿನ ಹುಡುಗಿಯರನ್ನು ತಯಾರು ಮಾಡಿದವರು ಯಾರು ಗೊತ್ತೇ? ನಮ್ಮ ದೇಶದವರೇ, ನಾಶಿಕದ ಶೈಲಜಾ ಜೈನ್. ಅರವತ್ತರ ಆಸುಪಾಸಿನ ಹೆಂಗಸು, ಅಪ್ಪಟ ಸಸ್ಯಾಹಾರಿ. ಗೊತ್ತಿಲ್ಲದ ಭಾಷೆಯ ದೇಶಕ್ಕೆ ಹೋಗಿ, ಅಲ್ಲಿನ ಹುಡುಗಿಯರಿಗೆ ಯೋಗ, ಪ್ರಾಣಾಯಾಮ ಸಮೇತ ಕಬಡ್ಡಿ ಕಲಿಸಿದರು. ಕಬಡ್ಡಿಯಲ್ಲಿ ಎಲ್ಲ ಆಟವೂ ಉಸಿರಿನ ಮೇಲೇ ನಿಂತಿದೆಯಲ್ಲ! ನಮ್ಮವರು ಸೋತರೆಂದು ಬೇಜಾರಾದರೂ, ಒಬ್ಬ ಹೆಣ್ಣುಮಗಳು ಕಲಿಸಿದ್ದರಿಂದ ಒಂದು ದೇಶದ ತಂಡವೇ ಬದಲಾಯಿತು ಎಂಬುದನ್ನು ಒಪ್ಪಲೇಬೇಕು.

ಕೋಚ್ ಮಾಡುವುದೇನು ಎಂದು ಕೇಳಿದರೆ, ಆಟವನ್ನೇ ಸ್ವಲ್ಪ ನೋಡಬೇಕು. ದಾಳಿಗೆ ಹೋದವಳಿಗೆ ಸಿಗುವುದು 30 ಸೆಕೆಂಡು. ಎರಡು ದಾಳಿ ಬರಿಗೈಯಲ್ಲಿ ಮುಗಿದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟು. ಆಗ ಯಾರನ್ನು ಕಳಿಸುವುದು? ಎದುರಾಳಿಯ ಮೂಲೆಯಲ್ಲಿ ನಿಂತವಳು ಕಾಲು ಹಿಡಿಯುವವಳೋ, ಸೊಂಟ ಹಿಡಿಯುವವಳೋ? ಅರ್ಧ ನಿಮಿಷದ ಟೈಂ-ಔಟ್‌ನಲ್ಲಿ ಏದುಸಿರು ಬಿಡುತ್ತಿರುವ ಹುಡುಗಿಗೆ ಒಂದೇ ಮಾತು ಹೇಳಬೇಕು, ಅದು ಅವಳ ತಲೆಗೆ ಹೋಗಬೇಕು. ಇನ್ನು ಹಿಡಿಯುವವಳ ಕೆಲಸ ಕಾಯುವುದು. ಅವಸರಪಟ್ಟರೆ ಅಂಕ ಹೋಯಿತು. ಕಿಂಡಿಯ ಪಕ್ಕ ಒನಕೆ ಹಿಡಿದು ಉಸಿರು ಬಿಗಿಹಿಡಿದು ಕಾದವಳ ಊರಿನವರಿಗೆ ಇದನ್ನು ಬೇರೆ ವಿವರಿಸಬೇಕೆ!

ಜೊತೆಗೆ ಆಟಕ್ಕೆ ಸಂಬಂಧವಿಲ್ಲದ್ದು ಎಂದು ಗಂಡಸರು ತಿಳಿಯುವ ಎಷ್ಟೋ ಸಂಗತಿಗಳಿವೆ. ಮುಟ್ಟಿನ ಹೊಟ್ಟೆನೋವು, ರಕ್ತಹೀನತೆ, ಮನೆಯಿಂದ ಬಂದ ಫೋನಿನಿಂದ ಕೆಟ್ಟ ಮನಸ್ಸು. ಹುಡುಗಿ ಇದನ್ನೆಲ್ಲ ಹೆಂಗಸಿನ ಹತ್ತಿರ ಹೇಳಿಕೊಂಡಷ್ಟು ಸಲೀಸಾಗಿ ಗಂಡಸಿನ ಹತ್ತಿರ ಹೇಳಿಕೊಂಡಾಳೆಯೆ?

ತೇಜಸ್ವಿನಿಯ ದಾರಿ ಹೂವಿನದಾಗಿರಲಿಲ್ಲ. 2021ರ ಮೇ ತಿಂಗಳಿನಲ್ಲಿ ಕೊರೊನಾ ಅವರ ಮನೆಗೂ ಬಂತು, ಪತಿ ತೀರಿಕೊಂಡರು. ಕೇಂದ್ರ ಕ್ರೀಡಾ ಸಚಿವಾಲಯ 2 ಲಕ್ಷ ರೂಪಾಯಿ ನೆರವು ಕೊಟ್ಟಿತು. ನಮ್ಮ ಬೀದಿಗಳಲ್ಲೂ ಆ ವರ್ಷ ಎಷ್ಟು ಮನೆಗಳ ದೀಪ ಆರಿತೆಂದು ನಿಮಗೇ ಗೊತ್ತು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ನಾಲ್ಕು ವರ್ಷದ ನಂತರ, 2025ರ ನವೆಂಬರಿನಲ್ಲಿ, ಢಾಕಾದಲ್ಲಿ ಎರಡನೆಯ ಮಹಿಳಾ ವಿಶ್ವಕಪ್ ನಡೆಯಿತು. ರಿತು ನೇಗಿ ನಾಯಕತ್ವದ ಭಾರತ ಫೈನಲ್‌ನಲ್ಲಿ ಚೈನೀಸ್ ತೈಪೆಯನ್ನು 35-28ರಿಂದ ಗೆದ್ದಿತು. ಅಂಕಣದ ಗೆರೆಯಾಚೆ ಕೋಚ್ ಆಗಿ ನಿಂತಿದ್ದವರು ಇದೇ ತೇಜಸ್ವಿನಿ ಬಾಯಿ. ತಂಡದಲ್ಲಿ ಮಂಗಳೂರು ಕಡೆಯ ಧನಲಕ್ಷ್ಮಿ ಪೂಜಾರಿಯೂ ಇದ್ದರು.

ಇಷ್ಟನ್ನೂ ಫೋನಿನಲ್ಲಿ ತಂಗಿಗೆ ಒಂದೇ ಉಸಿರಿಗೆ ಹೇಳಿದೆ.

"ಅದೆಲ್ಲ ಕೋಟಿಗೊಬ್ಬಳಿಗೆ ಕಣಕ್ಕಾ," ಎಂದಳು.

ಅದೂ ಸರಿಯೇ. ಭಾರತ ತಂಡಕ್ಕೆ ಎಲ್ಲರೂ ಕೋಚ್ ಆಗಲಾರರು. ಆದರೆ ಡಿಗ್ರಿ ಮುಗಿಸಿ ಬಿ.ಪಿ.ಎಡ್. ಮಾಡಿದರೆ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಬಹುದು. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯವರು ಕೋಚ್‌ಗಳಿಗಾಗಿ ಡಿಪ್ಲೊಮಾ ಕೊಡುತ್ತಾರೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ. ವಿಚಾರಿಸಲು ದೂರ ಹೋಗಬೇಕಿಲ್ಲ. ಚಿತ್ರದುರ್ಗದಲ್ಲೇ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿ ಇದೆ. ಒಂದು ಮಾತು ನೆನಪಿರಲಿ: ಹುಡುಗಿ ಆಡಿದ ಪಂದ್ಯದ ಸರ್ಟಿಫಿಕೇಟುಗಳನ್ನು ರೇಷನ್ ಕಾರ್ಡಿನ ಹಾಗೆ ಜೋಪಾನ ಮಾಡಿ. ನೌಕರಿಗೆ ಅರ್ಜಿ ಹಾಕುವಾಗ ಬೇಕಾಗುವುದು ಅವೇ. ಊಟಕ್ಕೆ ಪರದೇಶದ ಪುಡಿಗಳೇನೂ ಬೇಡ. ರಾಗಿ ಮುದ್ದೆ, ಸೊಪ್ಪಿನ ಸಾರು, ಮೊಳಕೆ ಹೆಸರುಕಾಳು, ಶೇಂಗಾ, ತಿನ್ನುವವರಾದರೆ ಮೊಟ್ಟೆ, ಇಷ್ಟು ಹೊಟ್ಟೆ ತುಂಬ ಕೊಡಿ. ತರಚಿದ ಗಾಯವನ್ನು ಮೊದಲು ಸೋಪುನೀರಿನಲ್ಲಿ ತೊಳೆಯಿರಿ. ಮೊಣಕಾಲು ಊದಿಕೊಂಡು ಇಳಿಯದಿದ್ದರೆ ಮನೆಮದ್ದು ಸಾಕು, ಡಾಕ್ಟರಿಗೆ ತೋರಿಸಿ.

ಫೋನಿನ ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಒಲೆಯ ಮೇಲೆ ಏನೋ ಕುದಿಯುವ ಸದ್ದು.

"ಆಯ್ಕೆ ಭಾನುವಾರ ಬೆಳಿಗ್ಗೆ, ಓಬವ್ವ ಸ್ಟೇಡಿಯಮ್ಮಲ್ಲಿ," ಎಂದಳು ಕೊನೆಗೆ. "ಮೊದಲನೇ ಬಸ್ಸಿಗೆ ಹೊರಟರೆ ನಿಮ್ಮನೆಗೆ ಬಂದು ಹೋಗಬಹುದಾ? ನಾನೂ ಬರ್ತೀನಿ ಅವಳ ಜೊತೆ. ಚಿತ್ರಾನ್ನ ಕಟ್ಟಿಕೊಂಡು ಬರ್ತೀನಿ, ನೀನು ತಿಂಡಿ ಮಾಡೋಕೆ ಹೋಗಬೇಡ."