ತೊಡೆ ಹಿಡಿದು ಏಳುವ ಹುಡುಗ

ಐದು ವರ್ಷದ ಹುಡುಗ. ನೆಲದ ಮೇಲೆ ಕೂತಿದ್ದಾನೆ. ಏಳಬೇಕು. ಮೊದಲು ಎರಡೂ ಕೈ ನೆಲಕ್ಕೆ ಊರುತ್ತಾನೆ. ಆಮೇಲೆ ಕೈಯನ್ನು ಮೊಣಕಾಲಿಗೆ ತರುತ್ತಾನೆ. ಅಲ್ಲಿಂದ ತೊಡೆಗೆ. ತನ್ನ ಮೈಯನ್ನೇ ತಾನು ಹತ್ತಿದ ಹಾಗೆ ಏಳುತ್ತಾನೆ. ನಡೆಯುವಾಗ ಬಾತುಕೋಳಿಯ ಹಾಗೆ ವಾಲುತ್ತಾನೆ. ಆಗಾಗ ಬೀಳುತ್ತಾನೆ. ಮೀನಖಂಡ ಮಾತ್ರ ದಪ್ಪ. "ಪೈಲ್ವಾನನ ಕಾಲು ಇದೆ, ಓಡೋಕೆ ಸೋಮಾರಿ" ಅಂತಾರೆ ಜನ.

ಇದು ಸೋಮಾರಿತನ ಅಲ್ಲ. ಸ್ನಾಯು ಸವೆಯುವ ಕಾಯಿಲೆ. ಡಾಕ್ಟರು ಚೀಟಿಯಲ್ಲಿ ಡಿ.ಎಂ.ಡಿ. ಎಂದು ಬರೆಯುತ್ತಾರೆ. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬುದು ಪೂರ್ತಿ ಹೆಸರು. ಕೆಲವರು ಸ್ನಾಯುಕ್ಷಯ ಅಂತಾರೆ. ಆ ಕ್ಷಯ ಬೇರೆ, ಟಿ.ಬಿ. ಬೇರೆ. ಇದು ಅಂಟುವುದಿಲ್ಲ.

ನಮ್ಮ ಸ್ನಾಯುಗಳನ್ನು ಕಾಪಾಡಲು ಒಳಗೆ ಒಂದು ಪದಾರ್ಥ ಇರುತ್ತದೆ. ಈ ಮಕ್ಕಳಲ್ಲಿ ಅದು ಇಲ್ಲ. ಹಾಗಾಗಿ ಓಡಾಡಿದಂತೆ ಸ್ನಾಯು ಸವೆಯುತ್ತದೆ. ಅಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತದೆ. ಕಾಲು ದಪ್ಪ ಕಾಣುವುದು ಅದಕ್ಕೇ.

"ಹೆತ್ತವಳ ದೋಷ" ಎಂಬ ಮಾತು ಬಹಳ ಮನೆಗಳಲ್ಲಿ ಕೇಳುತ್ತದೆ. ಗ್ರಹಣ ನೋಡಿದ್ದರಿಂದ ಇದು ಬರುವುದಿಲ್ಲ. ಬಸುರಿಯಲ್ಲಿ ಏನೋ ತಿಂದಿದ್ದರಿಂದಲೂ ಬರುವುದಿಲ್ಲ. ಇದು ಹುಟ್ಟಿನಿಂದಲೇ ಇರುವ ವಂಶವಾಹಿಯ ಕೊರತೆ. ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ. ಹಲವು ಸಲ ತಾಯಿಯ ಮೂಲಕ ಬರುತ್ತದೆ, ನಿಜ. ಆದರೆ ಅದು ತನ್ನೊಳಗೆ ಇದೆ ಎಂದು ಅವಳಿಗೂ ಗೊತ್ತಿರುವುದಿಲ್ಲ. ಸುಮಾರು ಮೂರರಲ್ಲಿ ಒಂದು ಮಗುವಿಗೆ ಅದು ತಾಯಿಯಿಂದ ಬಂದದ್ದೇ ಅಲ್ಲ, ಹೊಸದಾಗಿ ಆದದ್ದು. ತಾಯಿಯಲ್ಲಿ ಕೊರತೆ ಇದ್ದರೆ, ಹುಟ್ಟುವ ಪ್ರತಿ ಗಂಡುಮಗುವಿಗೂ ಎರಡರಲ್ಲಿ ಒಂದು ಪಾಲು ಭಯ ಇರುತ್ತದೆ. ಹೆಣ್ಣುಮಗುವಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ. ಆದರೆ ಅವಳಿಂದ ಅವಳ ಮಕ್ಕಳಿಗೆ ಬರಬಹುದು. ಆದ್ದರಿಂದ ಇನ್ನೊಂದು ಮಗು ಬೇಕೆನ್ನುವ ಮೊದಲೇ ಡಾಕ್ಟರನ್ನು ಕೇಳಿ. ತಾಯಿಯ ಅಕ್ಕತಂಗಿಯರಿಗೂ ವಿಷಯ ತಿಳಿಸಿ.

ಅನುಮಾನ ಬಂದರೆ ಸಿ.ಪಿ.ಕೆ. ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ನೋಡುತ್ತಾರೆ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಯಾರಾದರೂ "ಗ್ಯಾರಂಟಿ ವಾಸಿ" ಎಂದು ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. ಸ್ಟಿರಾಯ್ಡ್ ಮಾತ್ರೆ ಕೊಟ್ಟರೆ ಮಗು ಇನ್ನೂ ಕೆಲವು ಕಾಲ ನಡೆಯುತ್ತದೆ. ಆ ಮಾತ್ರೆಯನ್ನು ನಾವಾಗಿ ಥಟ್ಟನೆ ನಿಲ್ಲಿಸಬಾರದು. ಅದರಿಂದ ಅಪಾಯ ಆಗುತ್ತದೆ.

ಇನ್ನು ದಿನದ ಕೆಲಸ. ಬೆಳಿಗ್ಗೆ ಮಗುವನ್ನು ಮಲಗಿಸಿ, ಮೊಣಕಾಲು ನೇರ ಇಟ್ಟು, ಹಿಮ್ಮಡಿ ಹಿಡಿದು, ಪಾದವನ್ನು ಮೆಲ್ಲಗೆ ಅವನ ಮುಖದ ಕಡೆಗೆ ಬಾಗಿಸಬೇಕು. ಇದನ್ನು ಆಸ್ಪತ್ರೆಯಲ್ಲಿ ಕಲಿಸುತ್ತಾರೆ. ಮಾಡದಿದ್ದರೆ ಸ್ನಾಯು ಬಿಗಿದು ಮಗು ತುದಿಗಾಲಲ್ಲಿ ನಡೆಯುತ್ತದೆ. ಕಕ್ಕಸಿಗೆ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಹಳೇ ಕುರ್ಚಿಗೆ ನಡುವೆ ತೂತು ಮಾಡಿಸಿದರೆ ಆಯ್ತು, ಬಡಗಿಗೆ ಅರ್ಧ ದಿನದ ಕೆಲಸ. ಎತ್ತುವಾಗ ಕಂಕುಳಿಗೆ ಕೈ ಹಾಕಬೇಡಿ. ಭುಜದಲ್ಲಿ ಬಲ ಇರುವುದಿಲ್ಲ, ಮಗು ಜಾರುತ್ತದೆ. ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಯ ಕೆಳಗೆ ಕೊಡಿ. ಗರಡಿ ಸಾಧನೆ ಮಾಡಿಸಿ ಬಲ ಬರಿಸುತ್ತೇವೆ ಎಂದು ಹೊರಡಬೇಡಿ. ಸುಮ್ಮನೆ ಮಲಗಿಸಿಯೂ ಇಡಬೇಡಿ.

ಶಾಲೆ ಬಿಡಿಸುವುದು ತಪ್ಪು. ಮೇಷ್ಟ್ರ ಹತ್ತಿರ ಮಾತಾಡಿ. ಮೆಟ್ಟಿಲಿಲ್ಲದ ಕೋಣೆ, ಬಾಗಿಲ ಹತ್ತಿರ ಜಾಗ, ಪುಸ್ತಕ ಹೊರಲು ಒಬ್ಬ ಗೆಳೆಯ. ಆಟದಲ್ಲಿ ಓಡಲಾರದವನು ರನ್ನು ಬರೆಯಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ. ಯು.ಡಿ.ಐ.ಡಿ. ಗುರುತಿನ ಚೀಟಿ ಮಾಡಿಸಿಕೊಳ್ಳಿ. ಅರ್ಜಿಯಲ್ಲಿ ಏನು ಬರೆದಿದೆ ಎಂದು ಈಗ ನೀವೇ ಓದಬಹುದಲ್ಲ!

ಹತ್ತು ಹನ್ನೆರಡು ವರ್ಷಕ್ಕೆ ನಡಿಗೆ ನಿಲ್ಲುತ್ತದೆ. ಗಾಲಿಕುರ್ಚಿ ಬೇಕಾಗುತ್ತದೆ. ಆಮೇಲೆ ಹೃದಯ, ಉಸಿರಾಟ ಸೋಲುತ್ತವೆ. ಪ್ರತಿ ವರ್ಷ ತಪಾಸಣೆ ಮಾಡಿಸಬೇಕು. ಹಿಂದೆ ಇಪ್ಪತ್ತು ವರ್ಷ ದಾಟುವುದೇ ಕಷ್ಟ ಇತ್ತು. ಒಳ್ಳೆಯ ಆರೈಕೆಯಿಂದ ಈಗ ಮೂವತ್ತು ದಾಟಿದವರೂ ಇದ್ದಾರೆ.

ದೊಡ್ಡ ಹುಡುಗನಿಗೆ ರಾತ್ರಿ ತಾನಾಗಿ ಮಗ್ಗುಲು ಬದಲಿಸಲು ಆಗುವುದಿಲ್ಲ. "ಅಮ್ಮಾ" ಎಂದು ಕೂಗುತ್ತಾನೆ. ತಾಯಿ ಎದ್ದು ತಿರುಗಿಸುತ್ತಾಳೆ. ರಾತ್ರಿಗೆ ಮೂರು ಸಲ, ನಾಲ್ಕು ಸಲ. ಬೆಳಗಾದರೆ ಅವಳಿಗೆ ಮತ್ತೆ ಕೂಲಿ, ನೀರು, ಒಲೆ. ಮಗ್ಗುಲು ಬದಲಿಸೋದು ಅಪ್ಪನಿಗೂ ಬರುತ್ತದೆ. ಒಂದು ರಾತ್ರಿ ಅವಳು, ಒಂದು ರಾತ್ರಿ ಅವನು ಏಳಲಿ.